ಸ್ಟಿಯರಿಂಗ್ ಬಿಚ್ಚಲು ಸುತ್ತಿಗೆ ಬೇಡ



ಹಳೆಯ ಕಾರನ್ನು ಮನೆಯ ಹಿರಿಯರಂತೆ ಜೋಪಾನ ಮಾಡುವವರು ನಮ್ಮ ಠಾಣೆ, ಡೊಂಬಿವಲಿ ಕಡೆ ಇನ್ನೂ ಇದ್ದಾರೆ. ನಾನೂ ಅವರಲ್ಲೊಬ್ಬ. ನಮ್ಮ ಮನೆಯಲ್ಲಿರುವುದು ತಂದೆಯವರು ಕೊಂಡ ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯೆಟ್ 1100ರ ವಂಶ, ಹುಟ್ಟಿದ್ದು ನಮ್ಮ ಕುರ್ಲಾದಲ್ಲಿ. ಇದೇ ಜಾತಿಯ ಕಪ್ಪು-ಹಳದಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ಕೊನೆಗೆ ಮುಂಬಯಿ ರಸ್ತೆಗಳಿಗೆ ವಿದಾಯ ಹೇಳಿದ್ದು ನಿಮಗೆ ನೆನಪಿರಬಹುದು.

ಒಂದು ಭಾನುವಾರ ಅದರ ಹಾರ್ನ್ ಕೆಟ್ಟಿತು. ಸ್ಟಿಯರಿಂಗ್ ಚಕ್ರ ಬಿಚ್ಚಿ ನೋಡೋಣವೆಂದು ಗೋಖಲೆ ರಸ್ತೆಯ ಬಳಿಯ ನಮ್ಮ ಸೊಸೈಟಿಯ ಅಂಗಳದಲ್ಲಿ ಕೂತೆ. ನಟ್ ಸಲೀಸಾಗಿ ಬಂತು, ಚಕ್ರ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೇಲ್ಮನೆಯ ಕಾಕಾ ಪ್ರೀತಿಯಿಂದ ಸುತ್ತಿಗೆ ತಂದುಕೊಟ್ಟರು. ನಾಲ್ಕು ಏಟು ಹಾಕಿದೆ. ದಂಡದ ತುದಿಯ ಮರೆ ಜಜ್ಜಿಹೋಯಿತು, ಬಿಚ್ಚಿದ ನಟ್ ಮತ್ತೆ ಕೂರಲೇ ಇಲ್ಲ! ಬಂದ ಮೆಕ್ಯಾನಿಕ್ ಬೈಯಲಿಲ್ಲ. "ಹೇಗೋ ಅರ್ಧ ಸುತ್ತು ಕೂರಿಸಿ ಓಡಿಸಿದ್ದರೆ, ಘೋಡ್‌ಬಂದರ್ ರಸ್ತೆಯ ತಿರುವಿನಲ್ಲಿ ಚಕ್ರ ಕೈಗೇ ಬರುತ್ತಿತ್ತು" ಎಂದರು ಅಷ್ಟೆ. ಹಿಂದಿನ ಸೀಟಿನಲ್ಲಿ ಕೂರುವ ಮಕ್ಕಳ ಮುಖ ಕಣ್ಣ ಮುಂದೆ ಬಂತು.

ಚಕ್ರ ಏಕೆ ಬರುವುದಿಲ್ಲ? ದಂಡದ ತುದಿಯಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಅನೇಕ ಕಾರುಗಳಲ್ಲಿ ಆ ತುದಿ ಕೊಂಚ ಚೂಪು ಕೂಡ. ವರ್ಷಗಟ್ಟಲೆ ನಟ್ಟಿನ ಒತ್ತಡ, ಮೇಲೆ ನಮ್ಮ ಮಳೆಗಾಲದ ತುಕ್ಕು, ಎರಡೂ ಕಚ್ಚಿಕೊಂಡಿರುತ್ತವೆ. ಹೊಡೆದರೆ ಪೆಟ್ಟು ಬೀಳುವುದು ದಂಡಕ್ಕೆ, ಬೇರಿಂಗಿಗೆ. ಅಪಘಾತದಲ್ಲಿ ಚಾಲಕನ ಎದೆ ಉಳಿಸಲೆಂದು ಕುಸಿಯುವಂತೆ ಮಾಡಿದ ಸ್ಟಿಯರಿಂಗ್ ಕಂಬಗಳಿಗಂತೂ ಸುತ್ತಿಗೆ ವೈರಿ.

ಇದಕ್ಕೆ ಬೇಕಾದದ್ದು ಪುಲ್ಲರ್. ಒಂದು ಅಡ್ಡಪಟ್ಟಿ, ನಡುವೆ ದೊಡ್ಡ ತಿರುಪು, ಅಷ್ಟೆ. ಚಕ್ರದ ನಡುವೆ ಮರೆಯಿರುವ ಎರಡು ತೂತುಗಳಿದ್ದರೆ ಬೋಲ್ಟಿನ ಪುಲ್ಲರ್; ಇಲ್ಲದಿದ್ದರೆ ಕೊಕ್ಕೆಯದು. ಬೋಲ್ಟುಗಳು ಬರಿಗೈಯಲ್ಲೇ ತಿರುಗಿ ಒಳಹೋಗಬೇಕು. ಬಿಗಿಯಾದರೆ ಅಳತೆ ತಪ್ಪಿದೆ ಎಂದರ್ಥ. ಜೊತೆಗೆ ನಟ್ಟಿಗೆ ಸರಿಹೊಂದುವ ಸಾಕೆಟ್, ಉದ್ದ ಹಿಡಿಕೆ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್. ಠಾಣೆಯಿಂದ ಸ್ಲೋ ಲೋಕಲ್ ಹಿಡಿದು ಮಸ್ಜಿದ್ ನಿಲ್ದಾಣದಲ್ಲಿ ಇಳಿದರೆ, ನಾಗದೇವಿ ಬೀದಿಯಲ್ಲಿ ಉಪಕರಣಗಳ ಅಂಗಡಿಗಳ ಸಾಲೇ ಇದೆ. ಹಳೆಯ ನಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಬಾಯಿಮಾತಿನ ಅಳತೆ ನಂಬಬೇಡಿ.

ಕ್ರಮ ಹೀಗೆ: ಮುಂದಿನ ಗಾಲಿಗಳು ನೇರವಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಚಕ್ರಕ್ಕೂ ದಂಡಕ್ಕೂ ಸೇರಿಸಿ ಬಣ್ಣದ ಒಂದು ಗೆರೆ ಎಳೆಯಿರಿ. ನಟ್ ಸಡಿಲಿಸುವಾಗ ಚಕ್ರವನ್ನು ಇನ್ನೊಬ್ಬರು ಹಿಡಿಯಲಿ, ಸ್ಟಿಯರಿಂಗ್ ಬೀಗದ ಮೇಲೆ ಭಾರ ಹಾಕಬೇಡಿ. ನಟ್ಟನ್ನು ಪೂರ್ತಿ ತೆಗೆಯದೆ ಕೊನೆಯ ಕೆಲವು ಸುತ್ತು ಉಳಿಸಿ. ಇಲ್ಲವಾದರೆ ಚಕ್ರ ತಟ್ಟನೆ ಮುಖಕ್ಕೆ ಬಡಿಯುತ್ತದೆ. ಆಮೇಲೆ ಪುಲ್ಲರಿನ ತಿರುಪನ್ನು ನಿಧಾನ ತಿರುಗಿಸಿ. 'ಟಕ್' ಎಂದು ಸದ್ದಾಗುತ್ತದೆ, ಚಕ್ರ ಸಡಿಲಾಗುತ್ತದೆ. ಮರಳಿ ಕೂರಿಸುವಾಗ ಗೆರೆಗೆ ಗೆರೆ ಸೇರಲಿ, ಬಿಗಿತ ಕಾರಿನ ಕೈಪಿಡಿ ಹೇಳಿದಷ್ಟೇ ಇರಲಿ.

ಒಂದು ಎಚ್ಚರಿಕೆ. ಇದೆಲ್ಲ ಏರ್‌ಬ್ಯಾಗ್ ಇಲ್ಲದ ಹಳೆಯ ಕಾರಿಗೆ ಮಾತ್ರ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ; ಅದಕ್ಕೂ ಮೊದಲಿನ ಎಷ್ಟೋ ಕಾರುಗಳಲ್ಲೂ ಇದೆ. ಅದು ಕೂತಿರುವುದು ಹಾರ್ನಿನ ಕೆಳಗೇ. ಕಣ್ಣು ಮಿಟುಕಿಸುವುದರೊಳಗೆ ಸಿಡಿಯುತ್ತದೆ. ಬ್ಯಾಟರಿ ತೆಗೆದ ಮೇಲೂ ಕೆಲಹೊತ್ತು ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ಅಂಥ ಕಾರನ್ನು ತರಬೇತಾದ ಕೈಗಳಿಗೇ ಒಪ್ಪಿಸಿ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎನ್ನುತ್ತಾರೆ ನಮ್ಮ ಹಿರಿಯರು. ಅಂದಹಾಗೆ, ನಮ್ಮ ಪದ್ಮಿನಿಯ ಹಾರ್ನಿನಲ್ಲಿ ಕೆಟ್ಟದ್ದು ಫ್ಯೂಸ್ ಮಾತ್ರ! ಚಕ್ರ ಬಿಚ್ಚುವ ಮೊದಲು ಅದನ್ನೊಮ್ಮೆ ನೋಡಿ.