ನಿಮ್ಮ ಹೆಸರು ನೀವೇ ಹೇಳಿ

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ಬರೆಯಲು ಮನೆಮನೆಗೆ ಹೋದವರಿಗೆ ಉತ್ತರ ಭಾರತದ ಎಷ್ಟೋ ಬಾಗಿಲುಗಳಲ್ಲಿ ಹೆಂಗಸರ ಹೆಸರು ಸಿಗಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ, ಇಂಥವರ ಮಗಳು ಎಂಬ ಉತ್ತರವಷ್ಟೇ ಸಿಕ್ಕಿತು. ಪರಗಂಡಸಿನ ಮುಂದೆ ಹೆಣ್ಣು ಹೆಸರು ಹೇಳಬಾರದೆಂಬುದು ಅಲ್ಲಿಯ ವಾಡಿಕೆ. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಒಪ್ಪಲಿಲ್ಲ. ಮತ ಹಾಕುವವಳಿಗೆ ಅವಳದೇ ಹೆಸರಿರಬೇಕು, ಇಲ್ಲವಾದರೆ ಪಟ್ಟಿಯಲ್ಲಿ ಜಾಗವಿಲ್ಲ ಎಂದರು. ಕೊನೆಗೆ ಸುಮಾರು 8 ಕೋಟಿ ಮಹಿಳೆಯರ ಪೈಕಿ 28 ಲಕ್ಷದಷ್ಟು ಮಂದಿಯನ್ನು ಕೈಬಿಡಬೇಕಾಯಿತು. ಅಷ್ಟು ಜನರ ಮತ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಸೇನರ ನಿಷ್ಠುರ ಸರಿಯೆಂದೇ ನಾನು ನಂಬುತ್ತೇನೆ. ಹೆಸರಿಲ್ಲದವಳ ಮತವನ್ನು ಯಾರು ಬೇಕಾದರೂ ಹಾಕಿಬಿಡಬಹುದು.

ತಂಗಿಯರೇ, ತಮ್ಮಂದಿರೇ, ಹದಿನೆಂಟು ತುಂಬಿದ ದಿನ ತಾನಾಗಿ ಬಂತೆಂದು ನೀವು ಅಂದುಕೊಂಡಿರುವ ಈ ಹಕ್ಕಿನ ಹಿಂದೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಜಗಳವಿದೆ. ಅದನ್ನು ತಿಳಿದುಕೊಳ್ಳಿ.

1917ರ ಡಿಸೆಂಬರಿನಲ್ಲಿ ಭಾರತ ಸಚಿವ ಮಾಂಟೆಗು ಮದ್ರಾಸಿಗೆ ಬಂದಿದ್ದ. ಆಡಳಿತ ಸುಧಾರಣೆಯ ಬಗ್ಗೆ ಜನರ ಅಹವಾಲು ಕೇಳುವುದು ಅವನ ಕೆಲಸ. ಅಡ್ಯಾರಿನಲ್ಲಿದ್ದ ಮಾರ್ಗರೆಟ್ ಕಸಿನ್ಸ್ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡಬೇಕೆಂದು ಸಮಯ ಕೇಳಿದರು. ರಾಜಕೀಯ ವಿಷಯಕ್ಕೆ ಮಾತ್ರ ಅವಕಾಶ ಎಂಬ ಉತ್ತರ ಬಂತು. ಹಾಗಾದರೆ ರಾಜಕೀಯವನ್ನೇ ಕೇಳುತ್ತೇವೆಂದು ಕಸಿನ್ಸ್ ಮನವಿಗೆ ಮತದ ಹಕ್ಕನ್ನು ಸೇರಿಸಿದರು. ಆಕೆ ಐರ್ಲೆಂಡಿನವರು, ಮತಕ್ಕಾಗಿ ತಮ್ಮ ದೇಶದಲ್ಲೂ ಲಂಡನ್ನಿನಲ್ಲೂ ಜೈಲು ಕಂಡು ಬಂದವರು. ಸರೋಜಿನಿ ನಾಯ್ಡು ಮುಂದಾಳತ್ವದಲ್ಲಿ ನಿಯೋಗ ಹೋಯಿತು. ಜನ ಎಂದು ನೀವು ಬರೆಯುವಾಗ ನಮ್ಮನ್ನೂ ಎಣಿಸಿ ಎಂಬುದು ಅವರ ಬೇಡಿಕೆಯ ಸಾರ. ಅವರು ಯಾವ ಸರ್ಕಾರದ ಮುಂದೆ ನಿಂತು ಇದನ್ನು ಕೇಳಿದರೋ, ಆ ಸರ್ಕಾರದ ಸ್ವಂತ ದೇಶದಲ್ಲಿ ಆ ದಿನ ಒಬ್ಬ ಹೆಂಗಸಿಗೂ ಪಾರ್ಲಿಮೆಂಟಿಗೆ ಮತ ಹಾಕುವ ಹಕ್ಕಿರಲಿಲ್ಲ! ಇನ್ನೊಬ್ಬರಿಗೆ ಮೊದಲು ಸಿಗಲಿ, ಆಮೇಲೆ ನಮ್ಮ ಸರದಿ ಎಂದು ಇವರು ಕಾದು ಕೂರಲಿಲ್ಲ.

ಮತಾಧಿಕಾರದ ವಿಚಾರಣೆಗೆ ಬಂದ ಸೌತ್‌ಬರೋ ಸಮಿತಿ, ಈ ಸಮಾಜಕ್ಕೆ ಇದು ಇನ್ನೂ ಅಕಾಲ ಎಂದು ಬಾಗಿಲು ಮುಚ್ಚಿತು. ಆಗ ಮುಂಬಯಿಯ ಹೀರಾಬಾಯಿ ಟಾಟಾ ಮಗಳು ಮಿಠನ್‌ಳನ್ನು ಕರೆದುಕೊಂಡು 1919ರಲ್ಲಿ ಹಡಗು ಹತ್ತಿದರು. ಲಂಡನ್ನಿನಲ್ಲಿ ಸಂಸದೀಯ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು, ಸಭೆಯಿಂದ ಸಭೆಗೆ ಅಲೆದರು. ಮಿಠನ್ ಅಲ್ಲೇ ಉಳಿದು ಕಾನೂನು ಓದಿ ಬ್ಯಾರಿಸ್ಟರ್ ಆದಳು. ಪಾರ್ಲಿಮೆಂಟು ಮಾತ್ರ ಜಾಣತನದಿಂದ ಕೈತೊಳೆದುಕೊಂಡು ತೀರ್ಮಾನವನ್ನು ಪ್ರಾಂತ್ಯಗಳ ಶಾಸನಸಭೆಗಳಿಗೆ ಬಿಟ್ಟಿತು. 1921ರಲ್ಲಿ ಮದ್ರಾಸು ಒಪ್ಪಿತು, ಅದೇ ವರ್ಷ ಮುಂಬಯಿಯೂ ಒಪ್ಪಿತು. ಮಂಗಳೂರು, ಬಳ್ಳಾರಿ ಆಗ ಮದ್ರಾಸಿಗೆ ಸೇರಿದ್ದವು; ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಮುಂಬಯಿಗೆ. ಅಲ್ಲಿಯ ಕನ್ನಡತಿಯರು ದೇಶದಲ್ಲೇ ಮೊದಮೊದಲು ಮತದ ಹಕ್ಕು ಪಡೆದವರ ಸಾಲಿನಲ್ಲಿದ್ದಾರೆ.

ಆದರೆ ಎಲ್ಲರೂ ಅಲ್ಲ, ತೀರ ಕೆಲವರು. ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಮತ. ಹೆಣ್ಣಿನ ಹೆಸರಿಗೆ ಆಸ್ತಿ ಎಲ್ಲಿತ್ತು? ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಗಂಟು ಇವತ್ತಿಗೂ ಪೂರ್ತಿ ಬಿಚ್ಚಿಲ್ಲ.

ಮಂಗಳೂರಿನ ಅನಂತಯ್ಯ ಧಾರೇಶ್ವರರು ಉಯಿಲು ಬರೆಯದೆ ತೀರಿಕೊಂಡಾಗ ಅವರ ಮಗಳಿಗೆ ಏಳು ವರ್ಷ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಹೆಂಡತಿ ಗಿರಿಜಾಬಾಯಿಯವರ ಮಲಮಗನ ಪಾಲಾಯಿತು. ಗಿರಿಜಾಬಾಯಿಯವರಿಗೆ ಗೊತ್ತುಮಾಡಿದ್ದು ತಿಂಗಳ ಜೀವನಾಂಶ ಮಾತ್ರ. ಆ ತಾಯಿ ಅದನ್ನು ಬೇಡವೆಂದು, ತಮ್ಮ ಮದುವೆಯಲ್ಲಿ ತವರಿನಿಂದ ಬಂದಿದ್ದರಲ್ಲೇ ಹೆಣ್ಣುಮಕ್ಕಳನ್ನು ಬೆಳೆಸಿದರು. ಅಪ್ಪನ ಮನೆಯಲ್ಲಿ ತಮಗೆ ಏನೂ ಇಲ್ಲವೆಂಬುದನ್ನು ಏಳರ ವಯಸ್ಸಿನಲ್ಲೇ ಕಂಡ ಆ ಹುಡುಗಿ ಕಮಲಾದೇವಿ ಚಟ್ಟೋಪಾಧ್ಯಾಯ. ಬಾಲ್ಯದಲ್ಲೇ ಮದುವೆ, ಬೆನ್ನಲ್ಲೇ ವೈಧವ್ಯ, ಆಮೇಲೆ ಓದು, ಮರುಮದುವೆ. 1926ರಲ್ಲಿ ಶಾಸನಸಭೆಗೆ ಹೆಂಗಸರೂ ನಿಲ್ಲಬಹುದೆಂದು ನಿಯಮ ಬದಲಾದಾಗ ಕಸಿನ್ಸ್ ಒತ್ತಾಸೆಯಾದರು, ಇಪ್ಪತ್ಮೂರರ ಕಮಲಾದೇವಿ ಮದ್ರಾಸ್ ಶಾಸನಸಭೆಗೆ ನಾಮಪತ್ರ ಹಾಕಿದರು. ಪ್ರಚಾರಕ್ಕೆ ಸಮಯ ಕಡಿಮೆ, ಮತದಾರರಲ್ಲಿ ಬಹುಪಾಲು ಗಂಡಸರು. ಸೋತದ್ದು ಕೆಲವೇ ಮತಗಳಿಂದ. ಗೆದ್ದವರ ಹೆಸರು ಇವತ್ತು ಎಷ್ಟು ಜನಕ್ಕೆ ನೆನಪಿದೆ? ಮರುವರ್ಷ ಅದೇ ಸಭೆಯಲ್ಲಿ ನಾಮಕರಣ ಸದಸ್ಯೆಯಾಗಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಉಪಾಧ್ಯಕ್ಷೆಯಾಗಿ ಆಯ್ಕೆಯಾದರು, ದೇವದಾಸಿ ಪದ್ಧತಿಯ ವಿರುದ್ಧ ಅಲ್ಲಿಂದಲೇ ಹೋರಾಡಿದರು.

1935ರ ಕಾಯಿದೆ ಇನ್ನೊಂದಿಷ್ಟು ಬಾಗಿಲು ತೆರೆಯಿತು, ಅದೂ ಗಂಡನ ಆಸ್ತಿಯ ಲೆಕ್ಕದಲ್ಲಿ. ಆಸ್ತಿವಂತನ ಹೆಂಡತಿಗೆ ಮತ, ಕೂಲಿಯವಳಿಗೆ ಇಲ್ಲ. ಮಹಿಳಾ ಸಂಘಟನೆಗಳ ಮುಂದಾಳುಗಳಲ್ಲಿ ಬಹಳಷ್ಟು ಮಂದಿ ಸ್ಥಿತಿವಂತರ ಮನೆಯವರು. ತಮಗೆ ಸಿಕ್ಕಿತಲ್ಲ ಎಂದು ಸುಮ್ಮನಿರಬಹುದಿತ್ತು. ಅವರು ವಯಸ್ಸಿಗೆ ಬಂದ ಎಲ್ಲರಿಗೂ ಮತ ಕೊಡಿ ಎಂದು ಹಟ ಹಿಡಿದರು. ಅವರ ಮೇಲಿನ ನನ್ನ ಗೌರವಕ್ಕೆ ಮುಖ್ಯ ಕಾರಣವೇ ಇದು. ಸಂವಿಧಾನದ 326ನೇ ವಿಧಿ ಆ ಹಟವನ್ನು ಗೆಲ್ಲಿಸಿತು.

ಈಗ ನಿಮ್ಮ ಕೆಲಸ. ಪಟ್ಟಿಗೆ ಸೇರಲು ವರ್ಷಗಟ್ಟಲೆ ಕಾಯಬೇಕಿಲ್ಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳು ಅರ್ಹತೆಯ ದಿನಗಳು. ಹದಿನೇಳು ತುಂಬಿದ್ದರೂ ನಮೂನೆ 6 ತುಂಬಿ ಮುಂಚಿತವಾಗಿ ಅರ್ಜಿ ಕೊಡಬಹುದು. ಮದುವೆಯಾಗಿ ಬೇರೆ ಊರಿಗೆ ಹೋದ ಅಕ್ಕನ ಹೆಸರು ಅಲ್ಲಿಯ ಪಟ್ಟಿಗೆ ಸೇರಿದೆಯೇ ಎಂದು ಕೇಳಿ.

ಆಮೇಲೆ ಮನೆಯ ಪಹಣಿ ತೆಗೆದು ನೋಡಿ. ಅದರಲ್ಲಿ ಅಮ್ಮನ ಹೆಸರಿದೆಯೇ? ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟ ರಾಜ್ಯ. 2005ರ ಕೇಂದ್ರ ತಿದ್ದುಪಡಿಯಿಂದ ಮದುವೆಯಾದವರಿಗೂ ಅದು ಸಿಕ್ಕಿದೆ. ಆದರೂ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೈಗಿಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಿಂತಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆಯಲ್ಲಿ ಅವರೂ ಹಾಕುತ್ತಾರೆ. ತಂಗಿ, ಓದದೆ ಸಹಿ ಹಾಕಬೇಡಿ. ತಮ್ಮಾ, ಆ ಕಾಗದವನ್ನು ಅಕ್ಕನ ಮುಂದೆ ಇಡಲೇಬೇಡಿ. ಪಾಲು ಕೇಳಿದವಳನ್ನು ಊರು ಆಡಿಕೊಂಡಾಗ ಅವಳ ಪಕ್ಕದಲ್ಲಿ ನಿಲ್ಲಬೇಕಾದವರು ನೀವು.

ಪಂಚಾಯಿತಿಯ ವಿಷಯ ಇನ್ನೂ ಹತ್ತಿರದ್ದು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್‌ಸಾಬ್ ತಂದ 1983ರ ಕಾಯಿದೆ ಹೆಂಗಸರಿಗೆ ಕಾಲು ಭಾಗ ಸ್ಥಾನ ಮೀಸಲಿಟ್ಟಿತು. ದೇಶಕ್ಕೆಲ್ಲ ಮೂರನೇ ಒಂದು ಭಾಗ ಕೊಟ್ಟ 73ನೇ ತಿದ್ದುಪಡಿ ಬಂದದ್ದು ಹತ್ತು ವರ್ಷದ ನಂತರ. ಇಂದು ನಮ್ಮಲ್ಲಿ ಅರ್ಧ ಸ್ಥಾನ ಹೆಂಗಸರದು. ಆದರೆ ಎಷ್ಟು ಊರುಗಳಲ್ಲಿ ಅಧ್ಯಕ್ಷೆಯ ಕುರ್ಚಿಯಲ್ಲಿ ಅವರ ಯಜಮಾನರು ಕೂತಿರುತ್ತಾರೆ, ಅವರ ಫೋನಿಗೆ ಮಗ ಉತ್ತರಿಸುತ್ತಾನೆ! ಮುಂದಿನ ಗ್ರಾಮಸಭೆಗೆ ನಾಲ್ಕು ಗೆಳೆಯ ಗೆಳತಿಯರನ್ನು ಕರೆದುಕೊಂಡು ಹೋಗಿ. ಅಧ್ಯಕ್ಷೆಯ ಪರವಾಗಿ ಬೇರೆಯವರು ಮಾತಿಗೆ ನಿಂತರೆ ಎದ್ದು ನಿಂತು, ಗೌರವದಿಂದಲೇ, ‘ಅಧ್ಯಕ್ಷರೇ ಹೇಳಲಿ’ ಎನ್ನಿ. ಮೊದಲ ಸಲ ಆಕೆಯ ದನಿ ನಡುಗಬಹುದು. ನಡುಗಲಿ, ಕಾಯಿರಿ.

2023ರ ವಿಧಾನಸಭಾ ಚುನಾವಣೆಯಲ್ಲಿ 224 ಕ್ಷೇತ್ರಗಳಿಂದ ಗೆದ್ದು ಬಂದ ಹೆಂಗಸರು ಹತ್ತೇ ಮಂದಿ. ಅದೇ ವರ್ಷ ವಿಧಾನಸಭೆ, ಲೋಕಸಭೆಗಳಲ್ಲಿ ಮೂರನೇ ಒಂದು ಭಾಗವನ್ನು ಮೀಸಲಿಡುವ 106ನೇ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ ಜಾರಿ ಎಂದು ಅದರಲ್ಲೇ ಬರೆದಿದೆ. ಆ ಸ್ಥಾನಗಳು ಬರುವ ಹೊತ್ತಿಗೆ ಬಜೆಟ್ ಓದಬಲ್ಲ, ಸಭೆಯಲ್ಲಿ ಪ್ರಶ್ನೆ ಎತ್ತಬಲ್ಲ ಹೆಣ್ಣುಮಕ್ಕಳು ಹೋಬಳಿ ಹೋಬಳಿಯಲ್ಲೂ ಇರಬೇಕು. ಅವರು ತಯಾರಾಗುವ ಜಾಗ ಗ್ರಾಮ ಪಂಚಾಯಿತಿ, ಅದಕ್ಕೆ ನಿಲ್ಲಲು ಇಪ್ಪತ್ತೊಂದು ತುಂಬಿದರೆ ಸಾಕು. ಮುಂದಿನ ಚುನಾವಣೆ ಘೋಷಣೆಯಾದ ದಿನ ನಾಮಪತ್ರದ ಪ್ರತಿ ತನ್ನಿ, ಬೇಕಾದ ದಾಖಲೆ ಜೋಡಿಸಿ, ಸೂಚಕರಾಗಿ ಸಹಿ ಹಾಕಲು ನಿಮ್ಮ ಓಣಿಯ ಒಬ್ಬ ಹೆಂಗಸನ್ನೇ ಕೇಳಿ.