ಆಕಾಶದ ಕನ್ನಡಿ ಯಾರದು?

(ಹತ್ತರಗಿಯಲ್ಲಿ ಮಾಡಿದ ಭಾಷಣ)



ಅಂತರಿಕ್ಷದಲ್ಲಿ ಕನ್ನಡಿ ಬಿಚ್ಚಿ ರಾತ್ರಿಯಲ್ಲೂ ಬಿಸಿಲು ಕೊಡುತ್ತೇವೆನ್ನುವವರು ಹುಟ್ಟಿದ್ದಾರೆ. ಇದು ಬರೀ ಗಾಳಿಮಾತಲ್ಲ. 1993ರ ಫೆಬ್ರುವರಿಯಲ್ಲಿ ರಶಿಯದವರು 'ಜ್ನಾಮ್ಯ' ಎಂಬ 20 ಮೀಟರು ಅಗಲದ ಕನ್ನಡಿಯನ್ನು ಮೇಲೆ ಬಿಚ್ಚಿದರು. ಸುಮಾರು 5 ಕಿಲೋಮೀಟರು ಅಗಲದ ಬೆಳಕು ಯುರೋಪಿನ ಮೇಲೆ ಹಾದುಹೋಯಿತು. 1999ರ ಇನ್ನೊಂದು ಕನ್ನಡಿ ಆಂಟೆನಾಕ್ಕೆ ಸಿಕ್ಕಿ ಕೆಟ್ಟಿತು. 2025ರಲ್ಲಿ ಅಮೇರಿಕೆಯ ರಿಫ್ಲೆಕ್ಟ್ ಆರ್ಬಿಟಲ್ ಕಂಪನಿ ಹೊಸ ಕನ್ನಡಿ ಹಾರಿಸಲು ತನ್ನ ಸರ್ಕಾರದ ಅನುಮತಿ ಕೇಳಿತು. ಹೊತ್ತು ಮುಳುಗಿದ ಮೇಲೆ ಬಿಸಿಲು ಮಾರುವುದು ಅದರ ವ್ಯಾಪಾರ.

ಮೊದಲು ಲೆಕ್ಕ ನೋಡೋಣ. ಮಕ್ಕಳು ಕನ್ನಡಿ ಹಿಡಿದು ಗೋಡೆಗೆ ಬಿಸಿಲು ಬಿಡುತ್ತಾರೆ. ಗೋಡೆ ಹತ್ತಿರವಿದ್ದರೆ ಬೆಳಕು ಚುರುಕು. ದೂರವಾದಂತೆ ಹರಡಿ ಮಂಕು. ಸೂರ್ಯ ನಮಗೆ ಚುಕ್ಕಿಯಾಗಿ ಅಲ್ಲ, ತಟ್ಟೆಯಾಗಿ ಕಾಣುತ್ತಾನೆ. ಆದ್ದರಿಂದ ಬೆಳಕು ಹರಡದೆ ಬರುವುದಿಲ್ಲ. 600 ಕಿಲೋಮೀಟರು ಎತ್ತರದಿಂದ ಬಿಟ್ಟರೆ, ಕನ್ನಡಿ ಎಷ್ಟೇ ಚಿಕ್ಕದಿರಲಿ, ನೆಲದ ಮೇಲೆ ಐದಾರು ಕಿಲೋಮೀಟರು ಹರಡುತ್ತದೆ. 20 ಮೀಟರಿನ ಕನ್ನಡಿಯ ಬೆಳಕನ್ನು 5 ಕಿಲೋಮೀಟರಿನ ವೃತ್ತಕ್ಕೆ ಹಂಚಿದರೆ ಹಗಲ ಬಿಸಿಲಿನ ಸುಮಾರು ಅರವತ್ತು ಸಾವಿರದಲ್ಲಿ ಒಂದು ಪಾಲು ಸಿಕ್ಕೀತು. ಅದು ಬೆಳದಿಂಗಳ ಲೆಕ್ಕ. ಅದರಿಂದ ಮಗ್ಗ ತಿರುಗದು. ಪೂರ್ತಿ ಬಿಸಿಲು ಬೇಕಾದರೆ ಇಂಥ ಅರವತ್ತು ಸಾವಿರ ಕನ್ನಡಿಗಳು ಒಂದೇ ಊರಿನತ್ತ ತಿರುಗಬೇಕು. ಅವೂ ಕೆಲವೇ ನಿಮಿಷಗಳಲ್ಲಿ ದಿಗಂತ ದಾಟುತ್ತವೆ.

ವಿಜ್ಞಾನ ನಮ್ಮ ವೈರಿಯಲ್ಲ. ಪ್ರಶ್ನೆ ಒಡೆತನದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಘಟಪ್ರಭೆಯ ನೀರು ಗೋಕಾಕ ಫಾಲ್ಸಿನ ಗಿರಣಿಯನ್ನು ತಿರುಗಿಸಿತು. ನದಿ ಎಲ್ಲರದು, ಲಾಭ ಕಂಪನಿಯದು, ಬೆವರು ನಿಮ್ಮ ಹಿರಿಯರದು. ಪಾವಗಡದ ಸೌರ ಪಾರ್ಕು ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಶಕ್ತಿಯದು. ಜಮೀನಿದ್ದವರಿಗೆ ಬಾಡಿಗೆ ಬಂತು. ಕೂಲಿಯವರಿಗೆ ಹೊಲದ ಕೆಲಸ ಹೋಯಿತು.

ನಮ್ಮ ತಾಲೂಕು ಬೇರೊಂದು ದಾರಿಯನ್ನೂ ಕಂಡಿದೆ. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರದು. ಸಹಕಾರಿ ಸಂಘವೆಂದ ಮೇಲೆ ಸದಸ್ಯನಿಗೆ ಮತವುಂಟು, ಲೆಕ್ಕ ಕೇಳುವ ಹಕ್ಕುಂಟು. ಆಕಾಶದ ಕನ್ನಡಿಯ ಲೆಕ್ಕವನ್ನು ಯಾವ ಸಭೆಯಲ್ಲಿ ಕೇಳುತ್ತೀರಿ? ಅದರ ದರ ಯಾರು ಕಟ್ಟುತ್ತಾರೆ? ರಾತ್ರಿಯನ್ನು ಹಗಲು ಮಾಡಿದವನು ನಾಳೆ ಮತ್ತೊಂದು ಪಾಳಿ ದುಡಿಯೆಂದರೆ ತಡೆಯುವವರಾರು?

ನಮಗೆ ಸಂಜೆಯ ವಿದ್ಯುತ್ತು ಬೇಕು, ನಿಜ. ಹಗಲಿನ ಬಿಸಿಲು ನಮ್ಮ ಮಾಳಿಗೆಯ ಮೇಲೆ ಪುಕ್ಕಟೆ ಬೀಳುತ್ತಿದೆ. ಅದನ್ನು ಹಿಡಿದು ಬ್ಯಾಟರಿಯಲ್ಲಿ ಕೂಡಿಡುವ ವಿದ್ಯೆ ಈಗ ಕೈಗೆಟಕುವಂತಿದೆ. ಸಂಘದ ಸಭೆಗೆ ಹೋಗಿರಿ. ಆ ಯೋಜನೆಯನ್ನು ಮಂಡಿಸಿರಿ, ಒತ್ತಾಯಿಸಿರಿ. ಸೂರ್ಯನಿಗೆ ಮಾಲಕನಿಲ್ಲ, ಅವನ ಬೆಳಕಿಗೂ ಮಾಲಕ ಹುಟ್ಟದಂತೆ ನೋಡಿಕೊಳ್ಳುವ ಕೆಲಸ ನಮ್ಮದು.