ಬೇಸಗೆಯ ಸವಾರಿಗೆ ಕೈಗವಸು

ಅಗ್ನಿನಕ್ಷತ್ರದ ದಿನಗಳಲ್ಲಿ ಚೆನ್ನೈಯ ಬಿಸಿಲಿಗೆ ನಿಂತ ಬೈಕಿನ ಹಿಡಿಯೂ ಕಾದ ಕಾವಲಿಯೇ. ನಮ್ಮವರು ಅನೇಕರು ರಸ್ತೆಬದಿಯಲ್ಲಿ ಮಾರುವ ತೆಳು ಬಟ್ಟೆಯ ಕೈಗವಸು ತೊಟ್ಟು ತೃಪ್ತರಾಗುತ್ತಾರೆ. ಅದು ಬಿಸಿಲಿಗೆ ಸರಿ, ಬಿದ್ದರೆ ಸಾಲದು. ಬೀಳುವವನು ಮೊದಲು ಊರುವುದು ಅಂಗೈಯನ್ನು. ಡಾಂಬರು ಬಟ್ಟೆಯನ್ನು ಕ್ಷಣದಲ್ಲಿ ಹರಿದು ಚರ್ಮಕ್ಕೆ ಇಳಿಯುತ್ತದೆ. ದೋಸೆ ಹುಯ್ಯುವವನಿಗೂ ಮಗ್ಗದ ಮುಂದೆ ನಿಲ್ಲುವವನಿಗೂ ಕೈಯೇ ಬಂಡವಾಳ. ಅಂಗೈ ಸುಲಿದರೆ ವಾರಗಟ್ಟಲೆ ಕೆಲಸವಿಲ್ಲ, ಕೂಲಿಯಿಲ್ಲ. ಕಾನೂನು ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ. ಕೈಯನ್ನು ನಮಗೇ ಬಿಟ್ಟಿದೆ.

ಆದುದರಿಂದ ಕೊಳ್ಳುವಾಗ ಮೊದಲು ಅಂಗೈಯ ಕಡೆ ನೋಡಿ. ಅಲ್ಲಿ ಆಡಿನ ತೊಗಲಿರಲಿ; ಕಿರುಬೆರಳಿನ ಕೆಳಗಿನ ಅಂಚಿಗೆ ಇನ್ನೊಂದು ಪದರವಿರಲಿ. ತೊಗಲು ಈ ಊರಿಗೆ ಹೊಸತೇ? ಕ್ರೋಂಪೇಟೆಗೆ ಹೆಸರು ಬಂದದ್ದೇ ಕ್ರೋಂ ತೊಗಲಿನ ಕಾರ್ಖಾನೆಯಿಂದ! ಗಾಳಿಯಾಡುವ ಜಾಲರಿ ಮುಂಗೈಯ ಮೇಲುಭಾಗಕ್ಕೆ ಸಾಕು, ಗೆಣ್ಣುಗಳ ಮೇಲೆ ಮಾತ್ರ ಗಟ್ಟಿ ಕವಚ ಬೇಕು. ಮಣಿಕಟ್ಟಿನ ಪಟ್ಟಿಯನ್ನು ಬಿಗಿದು, ಬೆರಳ ತುದಿ ಹಿಡಿದು ಎಳೆಯಿರಿ. ಕಳಚಿ ಬಂದರೆ ಅಂಗಡಿಯವನಿಗೇ ಹಿಂದಿರುಗಿಸಿ. ಅರ್ಧ ಬೆರಳಿನದು ಚೆಂದವೆನ್ನುವ ಹುಡುಗರಿಗೆ ಏನು ಹೇಳೋಣ! ಒಳಗಿನ ಚೀಟಿಯಲ್ಲಿ ‘ಇ.ಎನ್. 13594’ ಎಂದಿದ್ದರೆ ಅದು ಬೈಕು ಸವಾರರ ಗವಸಿಗೆ ಯೂರೋಪಿನವರು ಇಟ್ಟ ಅಳತೆ. ಅದರಲ್ಲಿ 1 ಮತ್ತು 2 ಎಂಬ ಎರಡು ಮಟ್ಟಗಳಿದ್ದು, 2 ಹೆಚ್ಚು ಗಟ್ಟಿ.

ಬೆವರಿನಲ್ಲಿ ನೆನೆದ ಗವಸನ್ನು ಬಿಸಿಲಿಗೆ ಹಾಕಬೇಡಿ, ತೊಗಲು ಸೆಟೆದು ಬಿರಿಯುತ್ತದೆ. ನೆರಳಿನ ಗಾಳಿಗೆ ಒಣಗಲಿ.